ಅಂತರ್ಯಾಮಿ: ಒಳಗಿದ್ದು ನಡೆಸುವವನು



ಇಂದಿನ ಮಾತು ಒಂದೇ ಒಂದು ಪದವನ್ನು ಕುರಿತದ್ದು. ಆ ಪದ ‘ಅಂತರ್ಯಾಮಿ’. ನೀವು ಅದನ್ನು ಕೇಳಿಯೇ ಇರುತ್ತೀರಿ. ಹರಿಕಥೆಯಲ್ಲಿ, ಭಜನೆಯಲ್ಲಿ, ಮನೆಯ ಹಿರಿಯರ ಮಾತಿನಲ್ಲಿ ಅದು ಬರುತ್ತದೆ. ಮುಂದೆ ‘ಸರ್ವ’ ಸೇರಿಸಿಕೊಂಡು ‘ಸರ್ವಾಂತರ್ಯಾಮಿ’ಯಾಗಿ ಪತ್ರಿಕೆಗಳ ತಲೆಬರಹಗಳಲ್ಲೂ ಬರುತ್ತದೆ. ಲಂಚ ಸರ್ವಾಂತರ್ಯಾಮಿ, ಪ್ಲಾಸ್ಟಿಕ್ ಸರ್ವಾಂತರ್ಯಾಮಿ, ಮೊಬೈಲ್ ಸರ್ವಾಂತರ್ಯಾಮಿ. ಹಾಗೆಂದರೆ ಏನು ಎಂದು ಕೇಳಿದರೆ ಬಹುಮಂದಿ ‘ಎಲ್ಲೆಲ್ಲೂ ಇರುವಂಥದ್ದು’ ಎನ್ನುತ್ತಾರೆ. ಕೆಲವು ವರ್ಷಗಳ ಹಿಂದೆ ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಹೇಳುವುದೇನು, ಬರೆದು, ಪ್ರಸಾರವನ್ನೂ ಮಾಡಿಬಿಟ್ಟಿದ್ದೆ.

ನಾನು ಓದಿದ್ದು ವಿಜ್ಞಾನ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ದೂರದರ್ಶನದ ಕೆಲಸಕ್ಕೆ ಸೇರಿದ ಮೇಲೆ ನನ್ನ ಪಾಲಿಗೆ ವಿಜ್ಞಾನ ಕಾರ್ಯಕ್ರಮಗಳು ಬಂದವು. 2009ರ ಸುಮಾರಿಗೆ ಧೂಳಿನ ಬಗ್ಗೆ ಒಂದು ಕಾರ್ಯಕ್ರಮ ಮಾಡಿದೆವು. ರಸ್ತೆಯ ಧೂಳು, ಮನೆಯ ಧೂಳು, ಆಕಾಶಕಾಯಗಳ ನಡುವಿನ ಧೂಳು. ನಿರೂಪಣೆಯ ಕೊನೆಗೆ ಒಂದು ಗಂಭೀರವಾದ ವಾಕ್ಯ ಇರಲಿ ಎಂದು ‘ಹೀಗೆ ಧೂಳು ಸರ್ವಾಂತರ್ಯಾಮಿ’ ಎಂದು ಬರೆದೆ. ಪ್ರಸಾರವಾಯಿತು. ಯಾರೂ ಏನೂ ಅನ್ನಲಿಲ್ಲ.

ಎಂಟು ಹತ್ತು ದಿನ ಕಳೆದ ಮೇಲೆ ಒಂದು ಅಂಚೆ ಕಾರ್ಡು ಬಂತು. ದುಂಡಗಿನ ಅಕ್ಷರ. ಬರೆದವರು ಹಾಸನ ಜಿಲ್ಲೆಯ ಹಳ್ಳಿಯೊಂದರ ನಿವೃತ್ತ ಸಂಸ್ಕೃತ ಮೇಷ್ಟ್ರು. ಕಾರ್ಯಕ್ರಮ ಚೆನ್ನಾಗಿತ್ತು ಎಂದು ಮೊದಲ ಸಾಲಿನಲ್ಲಿ ಬರೆದು, ಎರಡನೆಯ ಸಾಲಿನಲ್ಲಿ ಒಂದು ಪ್ರಶ್ನೆ ಕೇಳಿದ್ದರು: “ಧೂಳು ಎಲ್ಲ ಕಡೆಯೂ ಇದೆ, ಒಪ್ಪಿದೆ. ಆದರೆ ಅದು ಯಾರನ್ನು ಆಳುತ್ತದೆ ಸ್ವಾಮಿ?”

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಧೂಳು ಯಾಕೆ ಯಾರನ್ನಾದರೂ ಆಳಬೇಕು? ತಿಳಿಸಿಕೊಡಿ ಎಂದು ಉತ್ತರ ಬರೆದೆ. ಮುಂದೆ ಆ ಕಡೆಗೆ ಚಿತ್ರೀಕರಣಕ್ಕೆ ಹೋದಾಗ ಅವರ ಮನೆಗೇ ಹೋದೆ. ಮೇಷ್ಟ್ರಿಗೆ ಎಪ್ಪತ್ತೈದು ದಾಟಿತ್ತು. ಜಗಲಿಯ ಮೇಲೆ ಕೂತು ಮಾತಾಡಿದೆವು. ಅಂದು ನಾನು ಕಲಿತದ್ದನ್ನೂ, ಆಮೇಲೆ ಅದರ ಬೆನ್ನುಹತ್ತಿ ಓದಿ ತಿಳಿದುಕೊಂಡದ್ದನ್ನೂ ಇಂದು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಮೊದಲು ಪದವನ್ನು ಬಿಡಿಸಿ ನೋಡೋಣ. ‘ಅಂತರ್’ ಎಂದರೆ ಒಳಗೆ. ಇದರಲ್ಲಿ ಗೊಂದಲವಿಲ್ಲ. ಅಂತರಂಗ, ಅಂತರಾತ್ಮ, ಅಂತರ್ಗತ, ಅಂತರ್ಜಲ ಇವೆಲ್ಲ ನಮಗೆ ಗೊತ್ತಿರುವ ಪದಗಳೇ. ತೊಡಕು ಇರುವುದು ‘ಯಾಮಿ’ಯಲ್ಲಿ. ಶಾಲೆಯಲ್ಲಿ ಸ್ವಲ್ಪ ಸಂಸ್ಕೃತ ಓದಿದವರಿಗೆ ‘ಯಾಮಿ’ ಎಂದರೆ ‘ಹೋಗುತ್ತೇನೆ’ ಎಂಬ ಕ್ರಿಯಾಪದ ನೆನಪಾಗುತ್ತದೆ. ಅಂತರ್ಯಾಮಿ ಎಂದರೆ ಒಳಗೆ ಹೋಗುವವನು ಎಂದು ಅರ್ಥ ಮಾಡಿಬಿಡುತ್ತಾರೆ. ಅದಲ್ಲ. ಇಲ್ಲಿರುವುದು ‘ಯಮ್’ ಎಂಬ ಬೇರೆ ಧಾತು. ತಡೆಯುವುದು, ಹಿಡಿದಿಡುವುದು, ಹತೋಟಿಯಲ್ಲಿ ನಡೆಸುವುದು ಎಂದು ಅದರ ಅರ್ಥ.

ಈ ಧಾತುವಿನ ಸಂಸಾರ ದೊಡ್ಡದು. ನಿಯಮ, ಸಂಯಮ, ನಿಯಂತ್ರಣ ಇವೆಲ್ಲ ಅದರ ಮಕ್ಕಳು. ಉಸಿರನ್ನು ಹಿಡಿತಕ್ಕೆ ತರುವ ಪ್ರಾಣಾಯಾಮ, ಮೈಯನ್ನು ಪಳಗಿಸುವ ವ್ಯಾಯಾಮ, ಕೈಹಾಕಿ ನಡೆಸುವ ಉದ್ಯಮ ಇವೂ ಅಲ್ಲಿಂದಲೇ ಬಂದವು. ಕಾರ್ಖಾನೆಯ ‘ಯಂತ್ರ’ ಕೂಡ ಅದೇ ಮನೆತನದ್ದು. ಸಂಸ್ಕೃತದಲ್ಲಿ ರಥ ನಡೆಸುವವನಿಗೆ ‘ಯಂತೃ’ ಎಂಬ ಹೆಸರಿದೆ, ಕುದುರೆಯ ಲಗಾಮು ಅವನ ಕೈಯಲ್ಲಿರುತ್ತದೆ. ಹಾಗಾದರೆ ಅಂತರ್ಯಾಮಿ ಎಂದರೆ ಯಾರು? ಒಳಗೆ ಇರುವವನು ಎಂದಷ್ಟೇ ಅಲ್ಲ. ಒಳಗಿದ್ದುಕೊಂಡು ಲಗಾಮು ಹಿಡಿದು ನಡೆಸುವವನು.

ಎಲ್ಲೆಲ್ಲೂ ಹರಡಿಕೊಂಡಿರುವುದನ್ನು ಹೇಳಲು ಬೇರೆ ಪದವೇ ಇದೆ, ‘ಸರ್ವವ್ಯಾಪಿ’. ಗಾಳಿ ಭೂಮಿಯ ಮೇಲೆ ಎಲ್ಲೆಡೆ ವ್ಯಾಪಿಸಿದೆ. ಧೂಳೂ ವ್ಯಾಪಿಸಿದೆ. ವ್ಯಾಪಿಸುವುದಕ್ಕೆ ಆಳುವ ಕೆಲಸವಿಲ್ಲ. ‘ಸರ್ವವ್ಯಾಪಿ’ ಎಂಬ ಪದ ‘ಎಲ್ಲಿದೆ?’ ಎಂಬ ಪ್ರಶ್ನೆಗೆ ಉತ್ತರ. ‘ಅಂತರ್ಯಾಮಿ’ ಎಂಬ ಪದ ‘ಒಳಗಿದ್ದು ಏನು ಮಾಡುತ್ತದೆ?’ ಎಂಬ ಪ್ರಶ್ನೆಗೆ ಉತ್ತರ. ಮೇಷ್ಟ್ರ ಅಂಚೆ ಕಾರ್ಡಿನ ಪ್ರಶ್ನೆ ನನಗೆ ಅರ್ಥವಾದದ್ದು ಆಗ.

ಈಗ ಈ ಪದದ ತವರಿಗೆ ಹೋಗೋಣ. ಅದು ಬೃಹದಾರಣ್ಯಕ ಉಪನಿಷತ್ತು. ಅದರ ಮೂರನೆಯ ಅಧ್ಯಾಯದ ಏಳನೆಯ ಭಾಗಕ್ಕೆ ‘ಅಂತರ್ಯಾಮಿ ಬ್ರಾಹ್ಮಣ’ ಎಂದೇ ಹೆಸರು. ಇಲ್ಲಿ ‘ಬ್ರಾಹ್ಮಣ’ ಎಂಬುದು ಗ್ರಂಥದ ಒಂದು ವಿಭಾಗದ ಹೆಸರು, ಜಾತಿಯ ಹೆಸರಲ್ಲ ಎಂಬುದು ನೆನಪಿರಲಿ.

ಸನ್ನಿವೇಶ ಸೊಗಸಾಗಿದೆ. ವಿದೇಹದ ರಾಜ ಜನಕ ಒಂದು ಯಜ್ಞ ಮಾಡಿದ್ದಾನೆ. ದೂರದೂರದ ವಿದ್ವಾಂಸರು ಸೇರಿದ್ದಾರೆ. ಕೊಂಬುಗಳಿಗೆ ಚಿನ್ನ ಕಟ್ಟಿದ ಸಾವಿರ ಹಸುಗಳನ್ನು ನಿಲ್ಲಿಸಿ, ನಿಮ್ಮಲ್ಲಿ ಎಲ್ಲರಿಗಿಂತ ಬಲ್ಲವರು ಹೊಡೆದುಕೊಂಡು ಹೋಗಬಹುದು ಎಂದು ರಾಜ ಹೇಳುತ್ತಾನೆ. ಎಲ್ಲರೂ ಸುಮ್ಮನಿರುವಾಗ ಯಾಜ್ಞವಲ್ಕ್ಯ ತನ್ನ ಶಿಷ್ಯನಿಗೆ, ಹಸುಗಳನ್ನು ಹೊಡೆದುಕೊಂಡು ನಡೆ ಎನ್ನುತ್ತಾನೆ. ಸಭೆಗೆ ಸಿಟ್ಟು ಬರುತ್ತದೆ. ಒಬ್ಬೊಬ್ಬರಾಗಿ ಎದ್ದು ಅವನನ್ನು ಪ್ರಶ್ನಿಸುತ್ತಾರೆ.

ಹಾಗೆ ಎದ್ದವರಲ್ಲಿ ಒಬ್ಬ ಉದ್ದಾಲಕ ಆರುಣಿ. ಅವನು ತಾನು ಕೇಳಿಬಂದ ಒಂದು ಸಂಗತಿ ಹೇಳುತ್ತಾನೆ. ಮದ್ರ ದೇಶದಲ್ಲಿ ಪತಂಚಲ ಕಾಪ್ಯ ಎಂಬವನ ಮನೆಯಲ್ಲಿ ಅವನು ಓದುತ್ತಿದ್ದಾಗ, ಆ ಮನೆಯಾಕೆಯ ಮೈಮೇಲೆ ಬಂದ ಗಂಧರ್ವನೊಬ್ಬ ಎರಡು ಪ್ರಶ್ನೆ ಕೇಳಿದ್ದನಂತೆ. ಈ ಲೋಕ, ಆ ಲೋಕ, ಎಲ್ಲ ಜೀವಿಗಳು ಪೋಣಿಸಲ್ಪಟ್ಟಿರುವ ದಾರ ಯಾವುದು? ಇವೆಲ್ಲವನ್ನೂ ಒಳಗಿನಿಂದ ನಡೆಸುವ ಅಂತರ್ಯಾಮಿ ಯಾರು? ಯಾಜ್ಞವಲ್ಕ್ಯ, ಇದು ಗೊತ್ತಿಲ್ಲದೆ ಹಸುಗಳನ್ನು ಹೊಡೆಸಿದ್ದರೆ ನಿನ್ನ ತಲೆ ಉರುಳುತ್ತದೆ ಎಂದು ಉದ್ದಾಲಕ ಹೆದರಿಸುತ್ತಾನೆ.

ಇಲ್ಲಿ ಎರಡು ಪ್ರಶ್ನೆಗಳಿವೆ ಎಂಬುದನ್ನು ಗಮನಿಸಿ. ದಾರ ಬೇರೆ, ನಡೆಸುವವನು ಬೇರೆ. ದಾರ ಯಾವುದು ಎಂಬುದಕ್ಕೆ ಯಾಜ್ಞವಲ್ಕ್ಯ ಕೊಟ್ಟ ಉತ್ತರ ವಾಯು. ಸತ್ತವನ ಅಂಗಾಂಗ ಸಡಿಲವಾಯಿತು ಎನ್ನುತ್ತಾರಲ್ಲ, ಉಸಿರಿನ ದಾರ ಕಳಚಿತು ಎಂದೇ ಅದರ ಅರ್ಥ ಎನ್ನುತ್ತಾನೆ. ಎಲ್ಲವನ್ನೂ ಹಾದುಹೋಗುವುದು, ಎಲ್ಲ ಕಡೆಯೂ ಇರುವುದು ದಾರದ ಕೆಲಸ. ಅದಕ್ಕೆ ಉಪನಿಷತ್ತು ಅಂತರ್ಯಾಮಿ ಎನ್ನಲಿಲ್ಲ. ನಾನು ಎರಡನ್ನೂ ಒಂದು ಮಾಡಿಬಿಟ್ಟಿದ್ದೆ.

ಆಮೇಲೆ ಯಾಜ್ಞವಲ್ಕ್ಯ ಒಂದು ಪಟ್ಟಿ ಹೇಳುತ್ತಾನೆ. ಕಾಣ್ವ ಶಾಖೆಯ ಪಾಠದಲ್ಲಿ ಇಪ್ಪತ್ತೊಂದು ಹೆಸರುಗಳಿವೆ. ಮೊದಲನೆಯದು ಭೂಮಿ. ಎರಡನೆಯದು ನೀರು. ಆಮೇಲೆ ಬೆಂಕಿ, ಅಂತರಿಕ್ಷ, ಗಾಳಿ, ಸೂರ್ಯ, ದಿಕ್ಕುಗಳು, ಚಂದ್ರ ಮತ್ತು ನಕ್ಷತ್ರಗಳು, ಕತ್ತಲೆ, ಬೆಳಕು. ನಡುವೆ ‘ಎಲ್ಲ ಜೀವಿಗಳು’. ಕೊನೆಗೆ ನಮ್ಮ ಮೈಗೆ ಬಂದು ಉಸಿರು, ಮಾತು, ಕಣ್ಣು, ಕಿವಿ, ಮನಸ್ಸು ಇತ್ಯಾದಿ. ಒಂದೊಂದರ ವಿಷಯದಲ್ಲೂ ಅದೇ ಮಾತುಗಳು ಮರುಕಳಿಸುತ್ತವೆ. ಅವನು ಅದರಲ್ಲಿ ನೆಲೆಸಿದ್ದಾನೆ, ಆದರೂ ಅದರಿಂದ ಬೇರೆಯಾಗಿದ್ದಾನೆ. ಅದಕ್ಕೆ ಅವನ ಅರಿವಿಲ್ಲ. ಅದೇ ಅವನ ಶರೀರ. ಒಳಗಿದ್ದು ಅದನ್ನು ನಡೆಸುತ್ತಾನೆ. ಅವನೇ ನಿನ್ನ ಆತ್ಮ, ಅಂತರ್ಯಾಮಿ, ಸಾವಿಲ್ಲದವನು.

ಒಂದು ಪದಕ್ಕೆ ಇಷ್ಟು ಬಿಗಿಯಾದ ವ್ಯಾಖ್ಯಾನ ಬಹಳ ಕಡಿಮೆ ಸಿಗುತ್ತದೆ. ವಿಜ್ಞಾನದ ವಿದ್ಯಾರ್ಥಿಗಳು ನಿಯಮವನ್ನು ಷರತ್ತುಗಳಾಗಿ ಒಡೆದು ಬರೆದುಕೊಳ್ಳುವಂತೆ ಇದನ್ನೂ ಬರೆದುಕೊಳ್ಳಬಹುದು. ಒಂದು, ಒಳಗಿರಬೇಕು. ಎರಡು, ಯಾವುದರಲ್ಲಿದೆಯೋ ಅದೇ ಆಗಿರಬಾರದು. ಮೂರು, ಅದಕ್ಕೆ ಗೊತ್ತಾಗದಂತಿರಬೇಕು. ನಾಲ್ಕು, ಅದು ಇದರ ಶರೀರವಾಗಿರಬೇಕು. ಐದು, ಅದನ್ನು ನಡೆಸಬೇಕು. ಧೂಳು ಮೊದಲ ಷರತ್ತಿನಲ್ಲೂ ಪೂರ್ತಿ ಪಾಸಾಗುವುದಿಲ್ಲ. ಐದನೆಯದರಲ್ಲಂತೂ ಸೊನ್ನೆ.

ಒಂದು ಉದಾಹರಣೆ ನೋಡೋಣ. ಎದೆಯ ಮೇಲೆ ಕೈ ಇಟ್ಟುಕೊಳ್ಳಿ. ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ನಿಮಿಷಕ್ಕೆ ಸಾಮಾನ್ಯವಾಗಿ 60ರಿಂದ 100 ಸಲ ಮಿಡಿಯುತ್ತದೆ. ಈ ತಾಳ ಹಾಕುವವರು ಯಾರು? ಬಲ ಹೃತ್ಕರ್ಣದ ಗೋಡೆಯಲ್ಲಿ ಒಂದೆರಡು ಸೆಂಟಿಮೀಟರ್ ಉದ್ದದ ಒಂದು ಚಿಕ್ಕ ಅಂಗಾಂಶವಿದೆ, ಸೈನೋಏಟ್ರಿಯಲ್ ನೋಡ್. ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಅದನ್ನು 1907ರಲ್ಲಿ ವಿವರಿಸಿದರು. ಅಲ್ಲಿಂದ ಹೊರಟ ವಿದ್ಯುತ್ ಸಂಜ್ಞೆಗೆ ಇಡೀ ಹೃದಯ ಕುಗ್ಗಿ ಹಿಗ್ಗುತ್ತದೆ. ಅದು ಹೊರಗಿನಿಂದ ಹೃದಯವನ್ನು ತಳ್ಳುವುದಿಲ್ಲ. ಒಳಗಿದ್ದುಕೊಂಡೇ ನಡೆಸುತ್ತದೆ. ನಿಮಗಂತೂ ಅದರ ಸುದ್ದಿಯೇ ಇಲ್ಲ. ‘ಒಳಗಿದ್ದು ನಡೆಸುವುದು’ ಎಂದರೇನು ಎಂಬುದಕ್ಕೆ ಇದು ಒಳ್ಳೆಯ ಹೋಲಿಕೆ.

ಆದರೆ ಇದು ಹೋಲಿಕೆ ಮಾತ್ರ. ಹಾಗಾದರೆ ನಮ್ಮ ಪೂರ್ವಿಕರು ಅಂತರ್ಯಾಮಿ ಎಂದದ್ದು ಈ ಅಂಗಾಂಶವನ್ನೇ, ಅಥವಾ ಡಿಎನ್‌ಎಯನ್ನೇ, ಅಥವಾ ಗುರುತ್ವಾಕರ್ಷಣೆಯನ್ನೇ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಆ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಅದಕ್ಕೆ ಕಾಯಿಲೆ ಬರುತ್ತದೆ, ಆಗ ಬ್ಯಾಟರಿಯಿಂದ ನಡೆಯುವ ಪೇಸ್‌ಮೇಕರ್ ಅಳವಡಿಸುತ್ತಾರೆ. ಉಪನಿಷತ್ತಿನ ಅಂತರ್ಯಾಮಿ ಹಾಗೆ ಕಾಣಸಿಗುವ ವಸ್ತುವಲ್ಲ. ಆ ಪ್ರಕರಣದ ಕೊನೆಯಲ್ಲಿ ಯಾಜ್ಞವಲ್ಕ್ಯ ಹೇಳುವ ಮಾತಿನ ತಾತ್ಪರ್ಯವೇ ಅದು. ಅಂತರ್ಯಾಮಿ ನೋಡುವವನು, ಆದರೆ ನೋಟಕ್ಕೆ ಸಿಕ್ಕುವವನಲ್ಲ. ಕೇಳುವವನು, ಕಿವಿಗೆ ಬೀಳುವವನಲ್ಲ. ಸೂಕ್ಷ್ಮದರ್ಶಕದಲ್ಲಿ ಏನು ಕಂಡರೂ ಅದು ‘ಕಂಡದ್ದು’ ಆಗುತ್ತದೆ, ‘ಕಾಣುವವನು’ ಆಗುವುದಿಲ್ಲ. ವಿಜ್ಞಾನದ ಪ್ರಶ್ನೆಗೆ ವಿಜ್ಞಾನದ ಉತ್ತರ ಇರಲಿ. ಇದು ಬೇರೆ ಬಗೆಯ ಪ್ರಶ್ನೆ. ಎರಡನ್ನೂ ಬೆರೆಸಿದರೆ ಎರಡಕ್ಕೂ ಅನ್ಯಾಯ.

ತತ್ತ್ವಶಾಸ್ತ್ರ ಓದುವ ಕಾಲೇಜು ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಮಾತು. ನಿಮ್ಮ ಪಠ್ಯದಲ್ಲಿ ಬರುವ ‘ಇಮ್ಮನೆನ್ಸ್’ ಎಂಬ ಪದವನ್ನು ಕನ್ನಡದಲ್ಲಿ ‘ಅಂತರ್ಯಾಮಿತ್ವ’ ಎಂದು ಅನುವಾದಿಸುವುದುಂಟು. ಆ ಪದದ ಮೂಲ ಲ್ಯಾಟಿನ್ ಭಾಷೆಯದು. ‘ಒಳಗೆ ಉಳಿಯುವುದು’ ಎಂದು ಅದರ ಅರ್ಥ. ಅಲ್ಲಿ ಉಳಿಯುವುದು ಮುಖ್ಯ, ಇಲ್ಲಿ ನಡೆಸುವುದು ಮುಖ್ಯ. 1677ರಲ್ಲಿ, ಸ್ಪಿನೋಜಾ ತೀರಿಕೊಂಡ ಮೇಲೆ ಪ್ರಕಟವಾದ ಅವನ ‘ಎಥಿಕ್ಸ್’ ಗ್ರಂಥದಲ್ಲಿ ದೇವರು ಎಲ್ಲ ವಸ್ತುಗಳ ಒಳಗೇ ಇರುವ ಕಾರಣ, ಹೊರಗಿನಿಂದ ಕೆಲಸ ಮಾಡುವ ಕಾರಣವಲ್ಲ ಎಂಬ ವಾದವಿದೆ. ಅವನ ದೃಷ್ಟಿಯಲ್ಲಿ ದೇವರು ಮತ್ತು ನಿಸರ್ಗ ಒಂದೇ. ಯಾಜ್ಞವಲ್ಕ್ಯನ ಮಾತಿನಲ್ಲಾದರೋ ಭೂಮಿಯಲ್ಲಿದ್ದೂ ಭೂಮಿಯಿಂದ ಬೇರೆ ಎಂಬ ಷರತ್ತಿದೆ. ಅನುವಾದ ಮಾಡುವಾಗ, ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಈ ವ್ಯತ್ಯಾಸ ನೆನಪಿಟ್ಟುಕೊಂಡರೆ ಒಳ್ಳೆಯದು.

ನಮ್ಮ ಆಚಾರ್ಯರು ಈ ಪದವನ್ನು ಹೇಗೆ ಅರ್ಥ ಮಾಡಿದರು? ಬ್ರಹ್ಮಸೂತ್ರಗಳ ಮೊದಲ ಅಧ್ಯಾಯದ ಎರಡನೆಯ ಪಾದದಲ್ಲಿ ಈ ಪದಕ್ಕಾಗಿಯೇ ಒಂದು ಅಧಿಕರಣವಿದೆ. ಅಂತರ್ಯಾಮಿ ಎಂದರೆ ಯಾವುದೋ ದೇವತೆಯೂ ಅಲ್ಲ, ಪ್ರಕೃತಿಯೂ ಅಲ್ಲ, ಜೀವನೂ ಅಲ್ಲ, ಪರಮಾತ್ಮನೇ ಎಂಬುದು ಅಲ್ಲಿಯ ತೀರ್ಮಾನ. ಇಲ್ಲಿಯವರೆಗೆ ಮೂವರು ಆಚಾರ್ಯರೂ ಒಟ್ಟಿಗಿದ್ದಾರೆ. ಮುಂದೆ ದಾರಿ ಕವಲಾಗುತ್ತದೆ. ನಡೆಸುವವನು, ನಡೆಯುವವನು ಎಂಬ ಭೇದ ಉಪಾಧಿಯಿಂದ ತೋರುವುದು, ಪರಮಾರ್ಥದಲ್ಲಿ ಇರುವುದು ಒಂದೇ ಎನ್ನುತ್ತಾರೆ ಶಂಕರರು. ರಾಮಾನುಜರಿಗೆ ‘ಅದೇ ಅವನ ಶರೀರ’ ಎಂಬ ಮಾತೇ ಅಡಿಗಲ್ಲು. ದೇಹಕ್ಕೆ ಆತ್ಮವಿದ್ದಂತೆ ಜಗತ್ತಿಗೂ ಜೀವರಿಗೂ ಭಗವಂತ ಎಂಬ ಅವರ ಸಿದ್ಧಾಂತ ಈ ಪ್ರಕರಣವನ್ನು ಬಹುವಾಗಿ ನೆಚ್ಚಿದೆ. ಮೇಲುಕೋಟೆಯಲ್ಲಿ ಅವರು ನೆಲೆಸಿದ್ದರು ಎಂಬುದು ನಮ್ಮ ನಾಡಿಗೆ ಹತ್ತಿರದ ಸಂಗತಿ. ಉಡುಪಿಯ ಮಧ್ವರಿಗೆ ನಡೆಸುವವನು ಮತ್ತು ಜೀವ ಎಂದೆಂದಿಗೂ ಬೇರೆ. ಸ್ವತಂತ್ರನು ಒಬ್ಬನೇ, ಉಳಿದುದೆಲ್ಲ ಅವನ ಅಧೀನ. ಆ ಸಂಪ್ರದಾಯದವರು ಹನುಮಂತನಿಗೆ ಕೈಮುಗಿಯುವಾಗಲೂ ‘ಮುಖ್ಯಪ್ರಾಣಾಂತರ್ಗತ’ನಾದ ದೇವರು ಎಂದು ಸೇರಿಸುವುದನ್ನು ನೀವು ಕೇಳಿರಬಹುದು. ಅದರ ಹಿಂದಿರುವುದು ಇದೇ ಅಂತರ್ಯಾಮಿಯ ಭಾವನೆ. ಹರಿದಾಸರ ಮೂಲಕ ಈ ಭಾವನೆ ಪಂಡಿತರ ಭಾಷ್ಯಗಳಿಂದ ಇಳಿದು ನಮ್ಮ ಅಡುಗೆಮನೆ, ಜಗಲಿಗಳವರೆಗೆ ಬಂತು.

ಇಷ್ಟು ಕೇಳಿದ ಮೇಲೆ ನಿಮ್ಮಲ್ಲಿ ಚುರುಕಾದವರು ಒಂದು ಪ್ರಶ್ನೆ ಕೇಳಲೇಬೇಕು. ಒಳಗೆ ಕೂತು ನಡೆಸುವವನು ಇನ್ನೊಬ್ಬನಾದರೆ ತಪ್ಪಿಗೆ ನಾನೇಕೆ ಹೊಣೆ? ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದವನು, ‘ಸರ್, ಮಾಡಿಸಿದವನು ಅಂತರ್ಯಾಮಿ’ ಎಂದರೆ?

ನಾನೂ ಮೇಷ್ಟ್ರನ್ನು ಇದನ್ನೇ ಕೇಳಿದೆ. ಅವರು ನಕ್ಕು, “ಈ ಪ್ರಶ್ನೆ ನಿಮ್ಮದಲ್ಲ, ಬಹಳ ಹಳೆಯದು” ಎಂದರು. ನಿಜ. ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದಲ್ಲೇ ಇದರ ಚರ್ಚೆಯಿದೆ. ಜೀವನ ಕರ್ತೃತ್ವ ಪರಮಾತ್ಮನಿಂದ ಬಂದದ್ದು ಎಂದು ಹೇಳಿದ ಮರುಸೂತ್ರದಲ್ಲೇ, ಅವನು ನಡೆಸುವುದು ಜೀವ ಮಾಡಿದ ಪ್ರಯತ್ನವನ್ನು ಅನುಸರಿಸಿ ಎಂಬ ಉತ್ತರವಿದೆ. ಶಂಕರರು ಮಳೆಯ ಉದಾಹರಣೆ ಕೊಡುತ್ತಾರೆ. ಮಳೆ ಇಲ್ಲದೆ ಯಾವ ಬೆಳೆಯೂ ಇಲ್ಲ. ಆದರೆ ಒಂದು ಹೊಲದಲ್ಲಿ ಭತ್ತ, ಇನ್ನೊಂದರಲ್ಲಿ ಜವೆಗೋಧಿ ಬಂದರೆ ಆ ವ್ಯತ್ಯಾಸಕ್ಕೆ ಕಾರಣ ಬೀಜ, ಮಳೆಯಲ್ಲ. ನಮ್ಮ ಊರುಗಳಲ್ಲಿ ರಾಗಿ, ತೊಗರಿ ಎಂದುಕೊಳ್ಳಿ. ರಾಮಾನುಜರ ಉದಾಹರಣೆ ಇನ್ನೂ ವ್ಯಾವಹಾರಿಕ. ಇಬ್ಬರಿಗೆ ಸೇರಿದ ಜಂಟಿ ಸ್ವತ್ತನ್ನು ಒಬ್ಬ ಪರಭಾರೆ ಮಾಡಬೇಕಾದರೆ ಇನ್ನೊಬ್ಬನ ಒಪ್ಪಿಗೆ ಬೇಕು. ಒಪ್ಪಿಗೆ ಸಿಕ್ಕಿತು ಎಂದ ಮಾತ್ರಕ್ಕೆ ಆ ಕೆಲಸಕ್ಕೆ ಕೈಹಾಕಿದವನ ಜವಾಬ್ದಾರಿ ಹೋಗುವುದಿಲ್ಲ, ಫಲ ಅವನದೇ. ಮೊದಲ ಹೆಜ್ಜೆ ಇಡುವವನು ಜೀವ.

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲೂ ಹೀಗೆಯೇ. 61ನೆಯ ಶ್ಲೋಕದಲ್ಲಿ ಈಶ್ವರನು ಎಲ್ಲರ ಹೃದಯದಲ್ಲಿದ್ದು, ಯಂತ್ರದ ಮೇಲೆ ಕೂರಿಸಿದವರನ್ನು ತಿರುಗಿಸುವಂತೆ ತಿರುಗಿಸುತ್ತಾನೆ ಎಂಬ ಮಾತು ಬರುತ್ತದೆ. ‘ಯಂತ್ರ’ ಎಂಬ ಪದ ನೋಡಿ, ಅದೇ ‘ಯಮ್’ ಧಾತು. ಅಲ್ಲಿಗೇ ಪುಸ್ತಕ ಮುಚ್ಚಿದರೆ ನಾವೆಲ್ಲ ಬರಿಯ ಗೊಂಬೆಗಳು. ಆದರೆ ಎರಡೇ ಶ್ಲೋಕ ದಾಟಿದರೆ, 63ರಲ್ಲಿ, ಇದನ್ನೆಲ್ಲ ಚೆನ್ನಾಗಿ ವಿಮರ್ಶಿಸಿ ನಿನಗೆ ತೋಚಿದಂತೆ ಮಾಡು ಎಂದು ಕೃಷ್ಣ ಅರ್ಜುನನಿಗೇ ನಿರ್ಧಾರ ಬಿಟ್ಟುಕೊಡುತ್ತಾನೆ. ಒಳಗಿನಿಂದ ನಡೆಸುವುದು ಎಂದರೆ ಕೈ ತಿರುಚಿ ನಡೆಸುವುದಲ್ಲ. ಹಾಗೆ ತಿರುಚುವುದಾದರೆ ಅದು ಹೊರಗಿನ ಬಲವಾಯಿತು, ‘ಅಂತರ್’ ಎಂಬುದಕ್ಕೆ ಅರ್ಥವೇ ಉಳಿಯಲಿಲ್ಲ.

ಹೀಗೆ ಮಾತಾಡುತ್ತ ಹೊತ್ತು ಹೋದದ್ದೇ ತಿಳಿಯಲಿಲ್ಲ. ಹೊರಡಲು ಎದ್ದೆ. “ಸ್ವಲ್ಪ ಕೂತ್ಕೊಳ್ಳಿ, ಇನ್ನೊಂದು ಮಾತಿದೆ” ಎಂದರು ಮೇಷ್ಟ್ರು. ಆಮೇಲೆ ಹೇಳಿದ್ದನ್ನು ಅವರು ಹೇಳಿದಷ್ಟು ಶಾಂತವಾಗಿ ಹೇಳಲು ನನಗೆ ಬರುವುದಿಲ್ಲ.

ಅವರು ಕೆಲಸಕ್ಕೆ ಸೇರಿದ್ದು 1950ರ ದಶಕದಲ್ಲಿ, ಹಳ್ಳಿಯೊಂದರ ಶಾಲೆಯಲ್ಲಿ. ಆಗ ಅವರಿಗೆ ಇಪ್ಪತ್ತರ ಆಸುಪಾಸು. ಬೆಳಗಿನ ಜಾವ ಎದ್ದು ಸ್ನಾನ ಮಾಡಿ ಇದೇ ಅಂತರ್ಯಾಮಿ ಬ್ರಾಹ್ಮಣವನ್ನು ಪಾರಾಯಣ ಮಾಡುತ್ತಿದ್ದರು. ಇಪ್ಪತ್ತೊಂದೂ ಬಾಯಿಪಾಠ. ಹತ್ತು ಗಂಟೆಗೆ ಶಾಲೆ. ಶಾಲೆಯ ಮೂಲೆಯಲ್ಲಿ ಕುಡಿಯುವ ನೀರಿನ ಎರಡು ಮಡಕೆಗಳಿದ್ದವು. ಒಂದು ಎಲ್ಲರದು. ಇನ್ನೊಂದು ಊರಾಚೆಯ ಕೇರಿಯಿಂದ ಬರುವ ಮಕ್ಕಳದು. ಆ ಮಕ್ಕಳು ಮೊದಲ ಮಡಕೆಯನ್ನು ಮುಟ್ಟುವಂತಿರಲಿಲ್ಲ.

“ಸಂವಿಧಾನದ 17ನೆಯ ವಿಧಿ 1950ರಲ್ಲೇ ಅಸ್ಪೃಶ್ಯತೆಯನ್ನು ತೆಗೆದುಹಾಕಿತ್ತು. ನನಗೆ ಗೊತ್ತಿತ್ತು. ಯಾಜ್ಞವಲ್ಕ್ಯನ ಪಟ್ಟಿಯಲ್ಲಿ ಎರಡನೆಯದೇ ನೀರು. ಅದೂ ಗೊತ್ತಿತ್ತು. ಬೆಳಿಗ್ಗೆ ನೀರಿನಲ್ಲಿ ಅವನಿದ್ದಾನೆ, ನೀರೇ ಅವನ ಶರೀರ ಅಂತ ಹೇಳಿದ ಬಾಯಿ, ಹತ್ತು ಗಂಟೆಗೆ ಎರಡು ಮಡಕೆ ನೋಡಿಕೊಂಡು ಸುಮ್ಮನೆ ಇರುತ್ತಿತ್ತು. ಮೂರು ವರ್ಷ ಸುಮ್ಮನಿದ್ದೆ.”

ನಾಲ್ಕನೆಯ ವರ್ಷ ಒಂದು ಬೇಸಗೆಯಲ್ಲಿ ಎರಡನೆಯ ಮಡಕೆ ಒಡೆಯಿತಂತೆ. ಹೊಸದು ಬರಲು ಎರಡು ದಿನವಾಯಿತು. ಆ ಎರಡು ದಿನ ಕೇರಿಯ ಮಕ್ಕಳು ನೀರು ಕುಡಿಯದೆ ಪಾಠ ಕೇಳಿದರು. ಮೂರನೆಯ ದಿನ ಹೊಸ ಮಡಕೆ ಬಂತು. ಮೇಷ್ಟ್ರು ಅದನ್ನು ಒಳಗೆ ಇಡಗೊಡಲಿಲ್ಲ. ಇರುವ ಮಡಕೆಯಿಂದ ತಾವೇ ಲೋಟದಲ್ಲಿ ನೀರು ತುಂಬಿ ಮೊದಲು ಆ ಮಕ್ಕಳಿಗೆ ಕೊಟ್ಟರು, ಅದೇ ಲೋಟದಲ್ಲಿ ತಾವೂ ಕುಡಿದರು. ಊರಿನಲ್ಲಿ ಗಲಾಟೆಯಾಯಿತು. ಕೆಲವರು ಮಕ್ಕಳನ್ನು ಒಂದು ತಿಂಗಳು ಶಾಲೆಗೆ ಕಳಿಸಲಿಲ್ಲ. ಮನೆಯಲ್ಲಿ ತಂದೆ ಮಾತು ಬಿಟ್ಟರು. ಆಮೇಲೆ ಎಲ್ಲ ಮೆಲ್ಲಗೆ ತಣ್ಣಗಾಯಿತು.

“ಒಳ್ಳೆಯ ಕೆಲಸ ಮಾಡಿದಿರಿ ಮೇಷ್ಟ್ರೇ” ಎಂದೆ.

“ನಾಲ್ಕನೆಯ ವರ್ಷದ ಕೆಲಸವನ್ನು ಹೊಗಳಬೇಡಿ. ಮೊದಲ ಮೂರು ವರ್ಷದ ಲೆಕ್ಕ ನನ್ನ ಹತ್ತಿರ ಇದೆ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ನಾನೂ ನಿಮ್ಮ ಹಾಗೆಯೇ ಆ ಪದಕ್ಕೆ ‘ಎಲ್ಲ ಕಡೆ ಇರುವವನು’ ಅಂತ ಅಂದುಕೊಂಡಿದ್ದೆ. ಎಲ್ಲ ಕಡೆ ಇರುವವನು ಇದ್ದುಕೊಳ್ಳಲಿ ಬಿಡಿ, ಅದರಿಂದ ನಮಗೇನು ತೊಂದರೆ? ನಡೆಸುವವನು ಅಂದಾಗ ಕಷ್ಟ ಶುರುವಾಗುತ್ತದೆ” ಎಂದರು.

ಮಿತ್ರರೇ, ಈ ಪದವನ್ನು ಕುರಿತು ನಾನು ಮುಂದೆ ಓದಿದ ಯಾವ ಪುಸ್ತಕವೂ ಇಷ್ಟು ನೇರವಾಗಿ ಹೇಳಲಿಲ್ಲ. ಅಂತರ್ಯಾಮಿ ಎಂದರೆ ಸುಮ್ಮನೆ ಇರುವವನು ಎಂದುಕೊಂಡರೆ ಆ ಪದ ನಮ್ಮಿಂದ ಏನನ್ನೂ ಕೇಳುವುದಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರಿನ ಹಾಗೆ ತನ್ನ ಪಾಡಿಗೆ ಇರುತ್ತದೆ. ಒಳಗಿದ್ದು ನಡೆಸುವವನು, ನನ್ನೊಳಗಿರುವವನೇ ಎದುರಿನವನೊಳಗೂ ಇರುವವನು ಎಂದುಕೊಂಡ ಕೂಡಲೇ ನನ್ನ ನಡೆ ಲೆಕ್ಕಕ್ಕೆ ಬರುತ್ತದೆ. ಯಾಜ್ಞವಲ್ಕ್ಯನ ಪಟ್ಟಿಯಲ್ಲಿ ‘ಎಲ್ಲ ಜೀವಿಗಳು’ ಎಂದಿದೆಯೇ ಹೊರತು ಯಾರನ್ನೂ ಬಿಟ್ಟಿಲ್ಲ.

ನಿಮ್ಮಲ್ಲಿ ದೇವರನ್ನು ನಂಬುವವರೂ ಇರಬಹುದು, ನಂಬದವರೂ ಇರಬಹುದು. ನಂಬಿ ಎಂದಾಗಲಿ, ನಂಬಬೇಡಿ ಎಂದಾಗಲಿ ಹೇಳುವುದು ಈ ಮಾತಿನ ಉದ್ದೇಶವಲ್ಲ. ಒಂದು ಪದ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಒಂದು ಖಚಿತವಾದ ವಿಚಾರವನ್ನು ಹೊತ್ತು ತಂದಿದೆ. ಅದನ್ನು ಬಳಸುವವರು ಆ ವಿಚಾರವನ್ನು ಒಮ್ಮೆಯಾದರೂ ಬಿಚ್ಚಿ ನೋಡಬೇಕು ಎಂಬುದಷ್ಟೇ ನನ್ನ ಕೋರಿಕೆ.

ಹಾಗಾದರೆ ‘ಲಂಚ ಸರ್ವಾಂತರ್ಯಾಮಿ’ ಎಂದು ಬರೆಯುವುದು ತಪ್ಪೇ? ಭಾಷೆ ಹರಿಯುವ ನೀರು. ಜನ ಬಳಸಿದ ಅರ್ಥವೂ ಒಂದು ಅರ್ಥವೇ. ಪತ್ರಿಕೆಗಳ ಮೇಲೆ ದಂಡ ಹಾಕುವ ಅಧಿಕಾರ ನನಗಿಲ್ಲ. ಆದರೆ ನೀವು ಪ್ರಬಂಧ ಬರೆಯುವಾಗ ಒಂದು ಚಿಕ್ಕ ಪರೀಕ್ಷೆ ಮಾಡಿ ನೋಡಬಹುದು. ಹೇಳಬೇಕಾದದ್ದು ‘ಎಲ್ಲೆಡೆ ಹರಡಿದೆ’ ಎಂದಾದರೆ ‘ಸರ್ವವ್ಯಾಪಿ’ ಸಾಕು. ‘ಒಳಗೆ ಅಡಗಿದೆ’ ಎಂದಷ್ಟೇ ಆದರೆ ‘ಅಂತರ್ಗತ’ ಸಾಕು. ‘ಒಳಗಿದ್ದು, ಗೊತ್ತಾಗದಂತೆ, ನಡೆಸುತ್ತಿದೆ’ ಎಂದು ಹೇಳಬೇಕಾದಾಗ ಮಾತ್ರ ‘ಅಂತರ್ಯಾಮಿ’ಯನ್ನು ಕರೆಯಿರಿ. ಈ ಪರೀಕ್ಷೆಯಲ್ಲಿ ಧೂಳು ನಪಾಸಾಗುತ್ತದೆ. ಮೊಬೈಲ್ ಫೋನು ಒಂದೆರಡು ಅಂಕ ಗಿಟ್ಟಿಸಬಹುದೇನೋ. ಜೇಬಿನಲ್ಲಿದ್ದುಕೊಂಡೇ ನಮ್ಮ ಕೈಯನ್ನು ನಮಗೆ ಗೊತ್ತಾಗದಂತೆ ತನ್ನ ಕಡೆಗೆ ಎಳೆದುಕೊಳ್ಳುತ್ತದಲ್ಲ! ಪತ್ರಿಕೆಯವರು ತಿಳಿಯದೆ ಬರೆದದ್ದು ಅಲ್ಲಿ ಅರ್ಧ ನಿಜವಾಯಿತು. ನಿಮ್ಮನ್ನು ಒಳಗಿನಿಂದ ನಡೆಸುತ್ತಿರುವುದು ಯಾವುದು, ಅದಕ್ಕೆ ಲಗಾಮು ಕೊಟ್ಟವರು ಯಾರು ಎಂದು ಒಮ್ಮೆ ಕೇಳಿಕೊಳ್ಳಲು ಇದೂ ಒಂದು ನೆಪವಾಗಲಿ.

ಮೇಷ್ಟ್ರು ಈಗ ಇಲ್ಲ. ಅವರ ಅಂಚೆ ಕಾರ್ಡು ನನ್ನ ಮೇಜಿನ ಗಾಜಿನ ಅಡಿಯಲ್ಲಿದೆ. ಹೊಸ ಕಾರ್ಯಕ್ರಮದ ನಿರೂಪಣೆ ಬರೆದು ಮುಗಿಸಿದಾಗಲೆಲ್ಲ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದುತ್ತೇನೆ. ಗಂಭೀರವಾಗಿ ಕೇಳಿಸುವ ಪದವೊಂದು ಅಲ್ಲಿದ್ದರೆ ಶಬ್ದಕೋಶ ತೆಗೆದು ನೋಡುತ್ತೇನೆ. ನೀವೂ ಹಾಗೆ ಮಾಡಿ.